ಕಪಾಟು ಸೇರಿದ ಫಲಿತಾಂಶಗಳು

ಪ್ರಶ್ನೆ: ಗಿಡಮೂಲಿಕೆಯೊಂದರ ಸಾರ ರಕ್ತದ ಸಕ್ಕರೆಯನ್ನು ತಗ್ಗಿಸುವುದೇ ಎಂದು ಸ್ನಾತಕೋತ್ತರ ಅಧ್ಯಯನಕ್ಕಾಗಿ ಇಲಿಗಳ ಮೇಲೆ ಪರೀಕ್ಷಿಸಿದೆ. ಯಾವ ಪರಿಣಾಮವೂ ಕಾಣಲಿಲ್ಲ. ಇಂಥದ್ದನ್ನು ಯಾರೂ ಅಚ್ಚು ಹಾಕುವುದಿಲ್ಲ, ಬಿಟ್ಟುಬಿಡು ಎನ್ನುತ್ತಾರೆ ಹಿರಿಯರು. ಬಿಟ್ಟರೆ ಯಾರಿಗಾದರೂ ನಷ್ಟವಿದೆಯೇ?
— ಓದುಗರೊಬ್ಬರು, ಉಡುಪಿ

ಉತ್ತರ: ನಷ್ಟವಿದೆ, ನಿಮಗಿಂತ ಹೆಚ್ಚಾಗಿ, ಆ ಮೂಲಿಕೆಯನ್ನು ಮುಂದೆ ನಂಬುವವರಿಗೆ. ಯಾವ ಗುಣವೂ ಇಲ್ಲದ ಸಾರವನ್ನು ಇಪ್ಪತ್ತು ಕಡೆ ಪರೀಕ್ಷಿಸಿದರೂ, ಸಂಶೋಧಕರು ಸಾಮಾನ್ಯವಾಗಿ ಒಪ್ಪುವ ಶೇಕಡಾ 5ರ ಮಿತಿಯ ಪ್ರಕಾರ ಸರಾಸರಿ ಒಂದು ಕಡೆ ಬರಿಯ ಆಕಸ್ಮಿಕದಿಂದಲೇ ಪರಿಣಾಮ ಕಂಡೀತು. ಆ ಒಂದು ಅಚ್ಚಾಗಿ ಉಳಿದ ಹತ್ತೊಂಬತ್ತು ಕಪಾಟು ಸೇರಿದರೆ, ಮಲ್ಪೆಯ ಬಂದರಿನಲ್ಲಿ ತುಂಬಿ ಬಂದ ದೋಣಿಗಳನ್ನಷ್ಟೇ ನೋಡಿ ಕಡಲಿನ ಮೀನಿನ ಲೆಕ್ಕ ಹೇಳಿದಂತಾಗುತ್ತದೆ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ರೋಸೆಂಥಾಲ್ 1979ರಲ್ಲೇ ಇದನ್ನು 'ಕಡತದ ಖಾನೆಯ ಸಮಸ್ಯೆ' ಎಂದು ಕರೆದಿದ್ದರು.

ಇದರ ಅಳತೆ ಸಿಕ್ಕಿದ್ದು ಖಿನ್ನತೆಯ ಔಷಧಗಳಲ್ಲಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಲ್ಲಿ ದಾಖಲಾಗಿದ್ದ, 12 ಔಷಧಗಳ 74 ಪ್ರಯೋಗಗಳನ್ನು ಎರಿಕ್ ಟರ್ನರ್ ಮತ್ತು ಸಂಗಡಿಗರು ಪರಿಶೀಲಿಸಿ 2008ರಲ್ಲಿ ವರದಿ ಮಾಡಿದರು. ಸಂಸ್ಥೆಯ ಎಣಿಕೆಯಲ್ಲಿ ಅನುಕೂಲಕರವಾಗಿದ್ದ 38ರಲ್ಲಿ 37 ಪ್ರಕಟವಾಗಿದ್ದವು. ಹಾಗಲ್ಲದ 36ರಲ್ಲಿ 22 ಪ್ರಕಟವಾಗಲೇ ಇಲ್ಲ. 11 ಅನುಕೂಲಕರವೆಂಬಂತೆ ಬರೆಯಲ್ಪಟ್ಟು ಹೊರಬಂದವು. ಪ್ರಕಟಿತ ಲೇಖನಗಳನ್ನಷ್ಟೇ ಓದಿದ ವೈದ್ಯರಿಗೆ ಶೇಕಡಾ 94ರಷ್ಟು ಪ್ರಯೋಗಗಳು ಗೆದ್ದಂತೆ ಕಂಡವು, ನಿಜದಲ್ಲಿ ಗೆದ್ದದ್ದು ಶೇಕಡಾ 51.

ಇನ್ನೊಂದು ಉದಾಹರಣೆ ನನ್ನನ್ನು ಇಂದಿಗೂ ಕಾಡುತ್ತದೆ. ಹೃದಯಾಘಾತವಾದವರಿಗೆ ಬಡಿತದ ಲಯ ಸರಿಪಡಿಸಲು ಲೊರ್ಕೈನೈಡ್ ಎಂಬ ಔಷಧ ಕೊಟ್ಟು ಬ್ರಿಟನ್ನಿನಲ್ಲಿ 1980ರಲ್ಲಿ ನಡೆಸಿದ, ನೂರಕ್ಕೂ ಕಡಿಮೆ ರೋಗಿಗಳ ಪ್ರಯೋಗದಲ್ಲಿ ಔಷಧ ಪಡೆದವರಲ್ಲಿ 9 ಮಂದಿ, ಪಡೆಯದವರಲ್ಲಿ ಒಬ್ಬರು ತೀರಿಕೊಂಡರು. ವ್ಯಾಪಾರದ ಕಾರಣಕ್ಕೆ ಔಷಧವನ್ನು ಕೈಬಿಟ್ಟದ್ದರಿಂದ ಆ ಫಲಿತಾಂಶ ಅಚ್ಚಾದದ್ದು 1993ರಲ್ಲಿ. ಈ ನಡುವೆ ಅದೇ ಬಗೆಯ ಬೇರೆ ಔಷಧಗಳು ಧಾರಾಳವಾಗಿ ಬಳಕೆಗೆ ಬಂದು, ಅವುಗಳಿಂದ ಸಾವು ಹೆಚ್ಚುತ್ತದೆ ಎಂಬುದು 1989ರ ದೊಡ್ಡ ಪ್ರಯೋಗದಿಂದ ತಿಳಿಯಿತು. ತಮ್ಮ ವರದಿ ಮೊದಲೇ ಬಂದಿದ್ದರೆ ಎಚ್ಚರಿಕೆಯಾಗಬಹುದಿತ್ತು ಎಂದು ಆ ಸಂಶೋಧಕರೇ ಬರೆದರು.

ಮನುಷ್ಯರ ಮೇಲಿನ ಚಿಕಿತ್ಸಾ ಪ್ರಯೋಗಗಳನ್ನು ಮೊದಲೇ ನೋಂದಾಯಿಸುವುದು ಭಾರತದಲ್ಲಿ 2009ರಿಂದ ಕಡ್ಡಾಯ. ಇಲಿಗಳ ಅಧ್ಯಯನಕ್ಕೆ ಆ ಕಾವಲಿಲ್ಲ, ಆದ್ದರಿಂದ ಹೊಣೆ ನಿಮ್ಮ ಮೇಲೇ ಬೀಳುತ್ತದೆ. ಫಲಿತಾಂಶದ ಬದಲು ವಿಧಾನವನ್ನು ತೂಗಿ ನೋಡುವ ಪತ್ರಿಕೆಗಳಿವೆ, ಅಲ್ಲಿಗೆ ಕಳುಹಿಸಿ. ಆದರೆ 'ಪರಿಣಾಮವಿಲ್ಲ' ಎಂದು ಬರೆಯುವ ಮುನ್ನ ನಿಮ್ಮ ಇಲಿಗಳ ಸಂಖ್ಯೆ ಸಣ್ಣ ಪರಿಣಾಮವನ್ನು ಹಿಡಿಯುವಷ್ಟಿತ್ತೇ ಎಂದು ಲೆಕ್ಕ ಹಾಕಿ, ಇರದಿದ್ದರೆ ಅದನ್ನೂ ಲೇಖನದಲ್ಲೇ ಹೇಳಿಬಿಡಿ.