ನಾನು ನುಡಿಸಿದ್ದು ನನಗೇ ಕೇಳುತ್ತಿಲ್ಲ!

ಪ್ರಶ್ನೆ: ಬನಶಂಕರಿ ಜಾತ್ರೆಯ ನಾಟಕಗಳಿಗೂ ಊರೂರಿನ ರಸಮಂಜರಿಗಳಿಗೂ ಕೀಬೋರ್ಡ್ ನುಡಿಸುತ್ತೇನೆ. ಪಕ್ಕದಲ್ಲೇ ರಿದಂ ಪ್ಯಾಡ್ ಇರುವುದರಿಂದ ನನ್ನ ಸದ್ದು ನನಗೇ ಕೇಳುವುದಿಲ್ಲ. ಪರಿಚಯದವರೊಬ್ಬರು 40 ವ್ಯಾಟ್‌ನ ಗಿಟಾರ್ ಆಂಪ್ ಮಾರುತ್ತಿದ್ದಾರೆ. ಕೊಳ್ಳಲೇ?
— ಓದುಗರು, ಗುಳೇದಗುಡ್ಡ

ಉತ್ತರ: ಬೇಡ. ಗಿಟಾರ್ ಆಂಪ್‌ನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದರೆ ಕೈಚೆಲ್ಲುತ್ತದೆ. ಗಿಟಾರಿಗೆ ಅದೇ ಚಂದ. ಕೀಬೋರ್ಡಿನಲ್ಲಾದರೆ ಕೊಳಲು, ಸಂತೂರ್‌ಗಳ ಹೊಳಪು ಹೋಗಿ ಎಲ್ಲವೂ ಕಂಬಳಿ ಹೊದ್ದಂತೆ ಕೇಳುತ್ತದೆ. ಎಡಗೈ ಬೇಸ್ ಜೋರಾದರೆ ಸದ್ದು ಒಡೆಯುತ್ತದೆ. ನಿಮಗೆ ಬೇಕಾದದ್ದು 10 ಅಥವಾ 12 ಇಂಚಿನ ವೂಫರ್ (ಮಂದ್ರದ ಸ್ಪೀಕರ್) ಜೊತೆಗೆ ಹಾರ್ನ್ (ತಾರದ ಸ್ಪೀಕರ್) ಇರುವ, ಆಂಪ್ ಒಳಗೇ ಅಡಗಿರುವ ಪವರ್ಡ್ ಸ್ಪೀಕರ್. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ‘1000 ವ್ಯಾಟ್’ ಸಾಮಾನ್ಯವಾಗಿ ಪೀಕ್ (ಕ್ಷಣಮಾತ್ರದ ಗರಿಷ್ಠ) ಲೆಕ್ಕ. ಆರ್‌ಎಂಎಸ್ (ಸತತವಾಗಿ ಕೊಡುವ ಶಕ್ತಿ) ಎಷ್ಟೆಂದು ಕೇಳಿ. ವ್ಯಾಟ್ ದುಪ್ಪಟ್ಟಾದರೂ ಏರುವುದು 3 ಡೆಸಿಬಲ್ ಅಷ್ಟೇ. ಬಯಲು ವೇದಿಕೆಯಲ್ಲಿ ಅದೇ ಸ್ಪೀಕರ್ ಬಾಕ್ಸನ್ನು 2 ಮೀಟರಿನಿಂದ 1 ಮೀಟರಿಗೆ ಎಳೆದುಕೊಂಡರೆ ಸುಮಾರು 6 ಡೆಸಿಬಲ್ ಪುಕ್ಕಟೆ ಸಿಗುತ್ತದೆ.

ಬಾಕ್ಸನ್ನು ಬೆನ್ನ ಹಿಂದೆ ಇಡಬೇಡಿ, ಅಲ್ಲಿಂದ ಸದ್ದು ನೇರ ಗಾಯಕರ ಮೈಕಿಗೆ ನುಗ್ಗುತ್ತದೆ. ಸ್ಟ್ಯಾಂಡಿನ ಪಕ್ಕ ನೆಲದ ಮೇಲೆ ಓರೆಯಾಗಿಸಿ, ಹಾರ್ನ್ ನಿಮ್ಮ ಕಿವಿಯನ್ನು ನೋಡುವಂತಿಡಿ. ಬಹಳ ಕಡೆ ಅದು ವಾದಕರ ಮೊಣಕಾಲಿಗೆ ಹಾಡು ಕೇಳಿಸುತ್ತಿರುತ್ತದೆ! 100 ಹರ್ಟ್ಸ್‌ಗಿಂತ ಕೆಳಗಿನ ಮಂದ್ರ ಸದ್ದನ್ನು ಬಾಕ್ಸಿನಲ್ಲೇ ಕತ್ತರಿಸಿದರೆ ವೇದಿಕೆಯ ಗುಡುಗುಡು ಕಡಿಮೆಯಾಗುತ್ತದೆ.

ಜೊತೆಗೊಂದು ಪ್ಯಾಸಿವ್ ಡಿಐ ಬಾಕ್ಸ್ (ಕೀಬೋರ್ಡಿನ ಸಿಗ್ನಲನ್ನು ಮಿಕ್ಸರಿಗೆ ಒಪ್ಪುವಂತೆ ಮಾಡುವ, ಕರೆಂಟ್ ಬೇಡದ ಪುಟ್ಟ ಡಬ್ಬಿ) ಕೊಳ್ಳಿ. ಕೀಬೋರ್ಡಿನ ‘ಎಲ್/ಮೋನೋ’ದಿಂದ ಡಿಐಗೆ, ಅದರ ‘ಲಿಂಕ್’ ಅಥವಾ ‘ಥ್ರೂ’ನಿಂದ ನಿಮ್ಮ ಸ್ಪೀಕರಿಗೆ, ಅದರ ಮೂರು ಪಿನ್ನಿನ ಸಾಕೆಟ್ಟಾದ ಎಕ್ಸ್‌ಎಲ್‌ಆರ್‌ನಿಂದ ಮಿಕ್ಸರಿಗೆ. ಕೀಬೋರ್ಡಿನ ವಾಲ್ಯೂಮನ್ನು ಮುಕ್ಕಾಲಿಗೆ ನಿಲ್ಲಿಸಿ, ಆಮೇಲೆ ಸ್ಪೀಕರಿನ ಗುಂಡಿಯನ್ನಷ್ಟೇ ತಿರುಗಿಸಿ. ಆಗ ಜನರಿಗೆ ಹೋಗುವ ಸದ್ದು ಕದಲುವುದಿಲ್ಲ, ಸೌಂಡಿನವರ ಜೊತೆ ಜಗಳವೂ ಇಲ್ಲ. ಗುಂಯ್ ಎನ್ನುತ್ತಿದ್ದರೆ ಡಿಐನ ‘ಗ್ರೌಂಡ್ ಲಿಫ್ಟ್’ ಒತ್ತಿ: ನಿಮ್ಮ ಸ್ಪೀಕರಿನ ಅರ್ಥಿಂಗೂ ಮಿಕ್ಸರಿನ ಅರ್ಥಿಂಗೂ ಸುತ್ತು ಹಾಕಿಕೊಂಡದ್ದು ಅಲ್ಲಿ ಕಡಿಯುತ್ತದೆ. ಪ್ಲಗ್ಗಿನ ಅರ್ಥ್ ಪಿನ್ನನ್ನು ಮಾತ್ರ ಯಾರೇ ಹೇಳಿದರೂ ಮುರಿಯಬೇಡಿ. ಜನರೇಟರಿನ ಮೇಲೆ ನಡೆಯುವ ಕಾರ್ಯಕ್ರಮದಲ್ಲಿ ಅದು ಪ್ರಾಣಕ್ಕೇ ಕುತ್ತು.

ಪ್ರಶ್ನೆ: ಹೆಡ್‌ಫೋನ್ ಸಾಕೆಟ್ಟಿನಿಂದ ಮಿಕ್ಸರಿಗೆ ವೈರು ಕೊಟ್ಟರೆ ಪಿಯಾನೋ ಮಾಯವಾಗಿ ಬರೀ ರಿವರ್ಬ್ (ಪ್ರತಿಧ್ವನಿಯ ಗುಂಗು) ಕೇಳುತ್ತದೆ. ಕೀಬೋರ್ಡ್ ಕೆಟ್ಟಿದೆಯೇ?
— ಓದುಗರು, ಜಮಖಂಡಿ

ಉತ್ತರ: ಇಲ್ಲ, ವೈರು ತಪ್ಪು. ನೀವು ಹಾಕಿರುವುದು ಪಿನ್ನಿನ ಮೇಲೆ ಎರಡು ಕಪ್ಪು ಗೆರೆಯ ಸ್ಟೀರಿಯೋ ಜ್ಯಾಕ್ ಇರಬೇಕು. ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್ ಎರಡು ತಂತಿಗಳ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಎಡ ಚಾನೆಲಿನಿಂದ ಬಲ ಚಾನೆಲನ್ನು ಕಳೆದುಬಿಡುತ್ತದೆ. ಎರಡರಲ್ಲೂ ಒಂದೇ ಆಗಿರುವುದು ಸೊನ್ನೆಯಾಗಿ, ಬೇರೆಬೇರೆಯಾಗಿರುವ ರಿವರ್ಬ್, ಕೋರಸ್ ಎಫೆಕ್ಟುಗಳು ಮಾತ್ರ ಉಳಿಯುತ್ತವೆ. ಕೀಬೋರ್ಡಿನಲ್ಲಿ ಲೈನ್ ಔಟ್ (ಮಿಕ್ಸರಿಗೆಂದೇ ಇರುವ ಸಾಕೆಟ್) ಇದ್ದರೆ ಒಂದೇ ಗೆರೆಯ ಮೋನೋ ಜ್ಯಾಕಿನಿಂದ ಅಲ್ಲಿಂದಲೇ ಕೊಡಿ. ಹೆಡ್‌ಫೋನ್ ಸಾಕೆಟ್ ಬಿಟ್ಟರೆ ಗತಿಯಿಲ್ಲವೆಂದರೆ, ಒಂದು ಸ್ಟೀರಿಯೋ ಜ್ಯಾಕ್ ಎರಡು ಮೋನೋ ಆಗಿ ಒಡೆಯುವ ‘ವೈ’ ಕೇಬಲ್ ಹಾಕಿ ಎರಡು ಚಾನೆಲ್‌ಗೆ ಕೊಡಿ.

ಪ್ರಶ್ನೆ: ನನ್ನ ಸದ್ದು ನನಗೆ ಕೇಳಲೆಂದು ಇಡುವ ಸ್ಪೀಕರ್ (ಮಾನಿಟರ್) ಬದಲು ಬ್ಲೂಟೂತ್ ಇಯರ್‌ಫೋನ್ ಸಾಕೇ?
— ಓದುಗರು, ಇಳಕಲ್ಲು

ಉತ್ತರ: ಸಾಲದು, ಒತ್ತಿದ ಸ್ವರ ಕಿವಿಗೆ ಬರುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತದೆ. ವೈರಿನದನ್ನೇ ಹೆಡ್‌ಫೋನ್ ಆಂಪ್ ಮೂಲಕ ಬಳಸಿ. ಗಾಯಕರ ದನಿಯೂ ನಿಮಗೆ ಕೇಳಬೇಕಲ್ಲ, ಮಿಕ್ಸರಿನ ಪ್ರಿ-ಫೇಡರ್ ಆಕ್ಸ್‌ನಿಂದ (ಜನರಿಗೆ ಹೋಗುವ ಸದ್ದನ್ನು ಫೇಡರಿನಲ್ಲಿ ಏರಿಳಿಸಿದರೂ ಬದಲಾಗದ ಪ್ರತ್ಯೇಕ ಔಟ್) ಲೈನು ಕೇಳಿ ಪಡೆಯಿರಿ. ಎರಡೂ ಕಿವಿಗೆ ಹಾಕಿ. ಒಂದನ್ನು ತೆಗೆದರೆ ಇನ್ನೊಂದರ ವಾಲ್ಯೂಮನ್ನು ಅರಿವಿಲ್ಲದೆ ನೀವೇ ಏರಿಸುತ್ತೀರಿ, 100 ಡೆಸಿಬಲ್‌ನಲ್ಲಿ ಕಿವಿಗೆ ಸುರಕ್ಷಿತವೆನ್ನುವುದು ದಿನಕ್ಕೆ 15 ನಿಮಿಷ ಮಾತ್ರ.