ತಲಪಾಡಿಯ ಈಚೆಗೂ ಆಚೆಗೂ

ಇಷ್ಟೊಂದು ಶಾಲೆ ಕಾಲೇಜುಗಳಿರುವ ಕರಾವಳಿಯಲ್ಲಿಯೂ ಮಕ್ಕಳನ್ನು ಲೈಂಗಿಕ ಶೋಷಣೆಗಾಗಿ ಸಾಗಿಸುವವರು ಇದ್ದಾರೆಯೇ, ಇದ್ದರೆ ಊರಿನವರು ಏನು ಮಾಡುತ್ತೀರಿ ಎಂದು ನೀವು ಕೇಳಿದ್ದೀರಿ. 2011ರ ಜನಗಣತಿಯಂತೆ ದಕ್ಷಿಣ ಕನ್ನಡದ ಸಾಕ್ಷರತೆ ಶೇಕಡಾ 88.57, ಉಡುಪಿಯದ್ದು 86.24. ವೇದಿಕೆ ಸಿಕ್ಕಿದಾಗಲೆಲ್ಲ ನಾವು ಈ ಅಂಕಿಗಳನ್ನು ಹೇಳಿಕೊಳ್ಳುತ್ತೇವೆ. ಮಕ್ಕಳನ್ನು ಮಾರುವವರೂ ಅವರಿಗೆ ಹಣ ಕೊಡುವವರೂ ಓದು ಬಲ್ಲವರೇ ಆಗಿರಬಹುದೆಂಬುದನ್ನು ಮಾತ್ರ ಹೇಳುವುದಿಲ್ಲ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ, ಹೌದು.

ನಾನಿರುವುದು ಮಂಗಳೂರಿನ ದಕ್ಷಿಣಕ್ಕೆ, ತಲಪಾಡಿಯಲ್ಲಿ. ರಾಷ್ಟ್ರೀಯ ಹೆದ್ದಾರಿ 66 ಇಲ್ಲಿಂದಲೇ ಕೇರಳವನ್ನು ಪ್ರವೇಶಿಸುತ್ತದೆ. ತುಳು, ಕನ್ನಡ, ಬ್ಯಾರಿ, ಕೊಂಕಣಿ, ಮಲೆಯಾಳ ಒಂದೇ ಬಸ್ಸಿನಲ್ಲಿ ಕೇಳಿಬರುವ ಊರು ಇದು; ಗಡಿಯಾಚೆಯ ಮಂಜೇಶ್ವರದ ಮಕ್ಕಳು ಓದಲು ಈಚೆಗೆ ಬರುತ್ತಾರೆ, ಮದುವೆ ಸಂಬಂಧಗಳು ಎರಡೂ ಕಡೆ ಹಬ್ಬಿವೆ. ಇಂಥ ಊರಿನಲ್ಲಿ ಒಬ್ಬಾತನ ಜೊತೆ ಒಂದು ಮಗು ಗಡಿ ದಾಟಿದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ನಾವು ಚಿಕ್ಕವರಿದ್ದಾಗ ಗೋಣಿಚೀಲದಲ್ಲಿ ಮಕ್ಕಳನ್ನು ತುಂಬಿಕೊಂಡು ಹೋಗುವ ಅಪರಿಚಿತನ ಹೆದರಿಕೆ ಹುಟ್ಟಿಸುತ್ತಿದ್ದರು. ಬಹಳಷ್ಟು ಸಲ ಬರುವವನು ಪರಿಚಯದವನೇ: ಬ್ಯೂಟಿಪಾರ್ಲರಿನಲ್ಲಿ ಕೆಲಸ ಕೊಡಿಸುತ್ತೇನೆನ್ನುವ ದೂರದ ನೆಂಟ, ಮದುವೆಯಾಗುತ್ತೇನೆಂದು ನಂಬಿಸಿದ ಹುಡುಗ, ಮೊಬೈಲಿನಲ್ಲಿ ಸ್ನೇಹ ಬೆಳೆಸಿ ಫೋಟೋ ತರಿಸಿಕೊಂಡು ಆಮೇಲೆ ಅದನ್ನೇ ಮುಂದಿಟ್ಟು ಬೆದರಿಸುವವನು. ಬಾಗಲಕೋಟೆ, ಕೊಪ್ಪಳಗಳಿಂದ ಕಟ್ಟಡದ ಕೆಲಸಕ್ಕೆ ಬಂದು ಬಿಡಾರಗಳಲ್ಲಿರುವ ಕುಟುಂಬಗಳ ಮಕ್ಕಳಿಗೆ ಈ ಅಪಾಯ ಹೆಚ್ಚು, ಏಕೆಂದರೆ ತಂದೆತಾಯಿ ಕೆಲಸಕ್ಕೆ ಹೋದ ಮೇಲೆ ಅವರನ್ನು ವಿಚಾರಿಸುವವರೇ ಇರುವುದಿಲ್ಲ. ವಲಸೆ ಬಂದವರನ್ನು ಸಂಶಯದಿಂದ ನೋಡುವ ನಮಗೆ ಅವರ ಮಕ್ಕಳು ಶಾಲೆಗೆ ಸೇರಿದ್ದಾರೆಯೇ ಎಂದು ಕೇಳುವ ಅಭ್ಯಾಸವಿಲ್ಲ.

ಗಡಿಯ ತೊಡಕು ಬೇರೆಯೇ. ಮಗು ಕಾಣೆಯಾದದ್ದು ಈಚೆಗೆ, ಕಂಡದ್ದು ಆಚೆಗೆ ಎಂದಾದರೆ ‘ಅದು ನಮ್ಮ ಠಾಣೆಗೆ ಬರುವುದಿಲ್ಲ’ ಎಂಬ ಮಾತನ್ನು ಹಿಂದಿನಿಂದಲೂ ಕೇಳಿದ್ದೇವೆ. ಆ ಮಾತಿಗೆ ಈಗ ಕಾನೂನಿನಲ್ಲಿ ಜಾಗವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಅಪರಾಧ ಪ್ರಕ್ರಿಯೆಯ ಹೊಸ ಕಾಯಿದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಕೃತ್ಯ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದನ್ನೇ ಝೀರೋ ಎಫ್‌ಐಆರ್ ಎನ್ನುತ್ತಾರೆ. ಕಾಣೆಯಾದ ಪ್ರತಿಯೊಂದು ಮಗುವಿನ ವಿಷಯದಲ್ಲಿಯೂ ಅಪಹರಣ ಅಥವಾ ಸಾಗಾಣಿಕೆ ನಡೆದಿದೆಯೆಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿಯೇ ಹೇಳಿದೆ. ಮಕ್ಕಳ ಸಹಾಯವಾಣಿಯ ಸಂಖ್ಯೆ ಎರಡೂ ರಾಜ್ಯಗಳಲ್ಲಿ 1098. ನಮ್ಮ ಮೊಬೈಲುಗಳು ಆಗಾಗ ಕೇರಳದ ಟವರನ್ನು ಹಿಡಿಯುವುದರಿಂದ, ಕರೆ ಮಾಡುವವರು ಮೊದಲು ಊರನ್ನೂ ರಾಜ್ಯವನ್ನೂ ಹೇಳುವುದು ಒಳ್ಳೆಯದು.

ಊರಿನವರ ಪ್ರತಿಕ್ರಿಯೆಯ ಬಗ್ಗೆ ಬರೆಯುವಾಗ ನಮ್ಮ ಜಿಲ್ಲೆಯ ಒಂದು ಅಪಕೀರ್ತಿಯನ್ನು ಮರೆಮಾಚಲಾರೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ, 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಯಲ್ಲಿ ಗುಂಪುಗಳು ನುಗ್ಗಿ ಯುವತಿಯರನ್ನು ಹೊಡೆದದ್ದು ದೇಶಕ್ಕೆಲ್ಲ ಗೊತ್ತಿದೆ. ಹೆಣ್ಣುಮಕ್ಕಳ ರಕ್ಷಣೆಯ ಹೆಸರಿನಲ್ಲಿ ಜೋಡಿಗಳನ್ನು ಬೆನ್ನಟ್ಟುವವರಿಂದ ಒಂದು ಮಗುವನ್ನೂ ಉಳಿಸಲಾಗುವುದಿಲ್ಲ. ಬದಲಿಗೆ, ಸಿಕ್ಕಿಬಿದ್ದ ಹುಡುಗಿ ಪೊಲೀಸರಿಗಿಂತ ಊರಿನವರಿಗೇ ಹೆಚ್ಚು ಹೆದರಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಇನ್ನೊಂದು ತುದಿಯಲ್ಲಿ ರಾಜಿ ಪಂಚಾಯಿತಿಕೆ ಇದೆ. ಹತ್ತು ಸಮಸ್ತರು ಕೂತು, ಮರ್ಯಾದೆಯ ಪ್ರಶ್ನೆ ಎಂದು ಹಣ ಕೊಡಿಸಿಯೋ, ಅವನಿಗೇ ಮದುವೆ ಮಾಡಿಸಿಯೋ ಮುಗಿಸಿಬಿಡುವುದು. ಹದಿನೆಂಟು ತುಂಬದವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಇರುವುದು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯಿದೆಯಂತೆ ಆರು ತಿಂಗಳವರೆಗೆ ಸೆರೆವಾಸ ತರಬಲ್ಲ ಅಪರಾಧ ಎಂಬುದನ್ನು ರಾಜಿಗೆ ಕೂತ ಹಿರಿಯರಿಗೆ ಯಾರೂ ಹೇಳಿರುವುದಿಲ್ಲ. ಮಗುವಿನ ಸಾಗಾಣಿಕೆಗೆ ಕನಿಷ್ಠ ಶಿಕ್ಷೆಯೇ ಹತ್ತು ವರ್ಷ.

ಗ್ರಾಮ ಪಂಚಾಯಿತಿಗಳಲ್ಲಿ ಸಾಗಾಣಿಕೆ ತಡೆಯುವ ಕಾವಲು ಸಮಿತಿಗಳಿರಬೇಕು, ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ಕೆಲವೆಡೆ ಇವು ಹಾಜರಿ ಪುಸ್ತಕದಲ್ಲಷ್ಟೇ ಇವೆ. ಅದಕ್ಕಿಂತ ನನಗೆ ನಂಬಿಕೆ ಇರುವುದು ದಿನವಿಡೀ ದಾರಿಯಲ್ಲಿರುವವರ ಮೇಲೆ: ಮನೆಯಲ್ಲಿ ಸುತ್ತಿದ ಬೀಡಿ ಕೊಡಲು ಬರುವ ಹೆಂಗಸರು, ಅಂಗನವಾಡಿಯ ಅಕ್ಕ, ಬಸ್ಸಿನ ನಿರ್ವಾಹಕ, ರಿಕ್ಷಾ ಪಾರ್ಕಿನವರು.

ನನಗೆ ಗೊತ್ತಿರುವ ರಿಕ್ಷಾ ಚಾಲಕನೊಬ್ಬ ಒಂದು ಸಂಜೆ ಹದಿಮೂರು ಹದಿನಾಲ್ಕರ ಹುಡುಗಿಯನ್ನೂ ಒಬ್ಬ ಗಂಡಸನ್ನೂ ಹತ್ತಿಸಿಕೊಂಡ. ಅವಳನ್ನು ಕೇಳಿದ್ದಕ್ಕೆಲ್ಲ ಅವನೇ ಉತ್ತರಿಸುತ್ತಿದ್ದ; ಅವಳ ಕೈಯಲ್ಲಿ ಚೀಲವೂ ಇರಲಿಲ್ಲ, ಹೋಗುವ ಊರಿನ ಹೆಸರೂ ಅವಳಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಚಾಲಕ ಜಗಳಕ್ಕೆ ಹೋಗಲಿಲ್ಲ, ಜನ ಸೇರಿಸಲಿಲ್ಲ, ವಿಡಿಯೋ ಮಾಡಲಿಲ್ಲ. ಪೆಟ್ರೋಲು ಹಾಕಿಸುವ ನೆಪದಲ್ಲಿ ಇಳಿದು 1098ಕ್ಕೆ ಕರೆ ಮಾಡಿ, ಪೊಲೀಸರು ಬರುವವರೆಗೆ ರಿಕ್ಷಾ ಸ್ಟಾರ್ಟ್ ಆಗುತ್ತಿಲ್ಲವೆಂದು ಹೇಳುತ್ತ ನಿಂತ. ಹುಡುಗಿಯನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂಬ ನಿಯಮವನ್ನು ಅವನು ತಿಳಿದುಕೊಂಡದ್ದು ಆಮೇಲೆ. ಪಾರ್ಕಿನಲ್ಲಿ ವಾರಗಟ್ಟಲೆ ಅವನಿಗೆ ಎದುರಾದ ಪ್ರಶ್ನೆ ಒಂದೇ, ಅವಳು ಯಾರ ಮಗಳು, ಯಾವ ಜಾತಿ. ಅವಳ ಹೆಸರು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅಂಥ ಮಕ್ಕಳ ಗುರುತು ಹೊರಬೀಳಬಾರದೆಂದು ಅಲ್ಲಿ ಬಂದ ಮಹಿಳಾ ಅಧಿಕಾರಿ ಹೇಳಿದ ಮೇಲೆ ಅವನೂ ಕೇಳಲು ಹೋಗಿಲ್ಲ.