ಜಾತ್ರೆ ರೈಲಿಗೆ ಮಾಡೆಲ್ ಚಾಸಿ

ಪ್ರಶ್ನೆ: ದಸರಾ ವಸ್ತುಪ್ರದರ್ಶನದಲ್ಲಿ ಕೊಂಡ ಬ್ಯಾಟರಿ ರೈಲಿನ ಮೋಟಾರು ಕೆಟ್ಟಿದೆ. ಡೀಸೆಲ್ ಎಂಜಿನ್ನಿನ ಮೇಲ್ಕವಚ ಮಾತ್ರ ಚೆನ್ನಾಗಿದೆ. ಮಾಡೆಲ್ ರೈಲುಗಳ ಎಚ್‌ಒ ಅಳತೆಯ ಚಾಸಿಯ (ಮೋಟಾರು, ಚಕ್ರಗಳಿರುವ ಕೆಳಚೌಕಟ್ಟು) ಮೇಲೆ ಕೂರಿಸಬಹುದೇ?
– ಓದುಗರು, ಮೈಸೂರು

ಉತ್ತರ: ಧಾರಾಳವಾಗಿ. ಆದರೆ ಚಾಸಿ ಕೊಳ್ಳುವ ಮೊದಲು ಕವಚದ ಒಳ ಅಗಲ, ಒಳ ಎತ್ತರ, ಮುಂದಿನ ಮತ್ತು ಹಿಂದಿನ ಟ್ರಕ್‌ಗಳ ನಡುವಿನ ಅಂತರ ಅಳೆದುಕೊಳ್ಳಿ. (ಟ್ರಕ್ ಎಂದರೆ ಕೆಳಗೆ ತಿರುಗುವ ಚಕ್ರದ ಗಾಡಿ, ಇಂಗ್ಲಿಷಿನವರು ಅದನ್ನೇ ಬೋಗಿ ಎನ್ನುತ್ತಾರೆ, ನಾವು ಡಬ್ಬಿಗೆ ಆ ಹೆಸರಿಟ್ಟಿದ್ದೇವೆ.) ಚಾಸಿಯ ಎರಡೂ ಬದಿ ಒಂದೊಂದು ಮಿ.ಮೀ. ಸಡಿಲ ಇರಲೇಬೇಕು.

ಎಚ್‌ಒ ಪ್ರಮಾಣ 1:87 (ನಿಜ ರೈಲಿನ 87ರಲ್ಲಿ ಒಂದು ಪಾಲು), ಹಳಿಗಳ ಅಂತರ 16.5 ಮಿ.ಮೀ. ಅಗ್ಗದ ಆಟಿಕೆಗಳಿಗೆ ಪ್ರಮಾಣದ ಲೆಕ್ಕವೇ ಇರುವುದಿಲ್ಲ. ಕವಚದ ಹೊರ ಅಗಲ 37 ಮಿ.ಮೀ. ಆಸುಪಾಸಿದ್ದರೆ 1:87ರ ಬ್ರಾಡ್ ಗೇಜ್ ಗಾಡಿಯೆಂದು ಒಪ್ಪಿಕೊಳ್ಳಬಹುದು. 45 ಬಂದರೆ ಇನ್ನೂ ಒಳ್ಳೆಯದು: ಮೀಟರ್ ಗೇಜ್ ಹಳಿಗಳ ಅಂತರವಾದ 1,000 ಮಿ.ಮೀ.ಯನ್ನು 16.5ರಿಂದ ಭಾಗಿಸಿ, ಸುಮಾರು 60 ಬರುತ್ತದೆ. ಅಂದರೆ ಅದೇ ಹಳಿ 1:60ರಲ್ಲಿ ಮೀಟರ್ ಗೇಜ್, ಹಿಂದೆ ಮೈಸೂರು–ಬೆಂಗಳೂರು ನಡುವೆ ಇದ್ದದ್ದು. ಎಚ್‌ಒ ಚಾಸಿಯ ಮೇಲೆ ದಪ್ಪ ಕವಚ ಕೂತರೂ ವಿಕಾರವಾಗಿ ಕಾಣದಿರಲು ಈ ಲೆಕ್ಕವೇ ಕಾರಣ.

ಕವಚದೊಳಗಿನ ಬ್ಯಾಟರಿ ಪೆಟ್ಟಿಗೆ, ಸ್ಕ್ರೂ ಕಂಬಗಳನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ಅರ ಹಾಕಿ. 3 ಮಿ.ಮೀ. ಅಕ್ರಿಲಿಕ್‌ನ ಎರಡು ಅಡ್ಡಪಟ್ಟಿಗಳನ್ನು ಒಳಗೆ ಕೂರಿಸಿ, ಕೆಳಗಿನಿಂದ 2 ಮಿ.ಮೀ. ಸ್ಕ್ರೂಗಳಲ್ಲಿ ಚಾಸಿಯನ್ನು ಬಿಗಿಯಿರಿ. ಎತ್ತರ ಹೊಂದಿಸಲು ವಾಷರ್ ಸಾಕು. ಚಾಸಿಯನ್ನು ಅಂಟಿಸಬೇಡಿ, ಮುಂದೆ ಮೋಟಾರಿಗೆ ಎಣ್ಣೆ ಬಿಡಲು ಬಿಚ್ಚಲೇಬೇಕಾಗುತ್ತದೆ. ಕವಚದೊಳಗೆ ತ್ರಿಕೋನದಲ್ಲಿ 5 ಎಂಬ ಅಂಕಿ ಇದ್ದರೆ ಅದು ಪಾಲಿಪ್ರೊಪಿಲೀನ್. ಅದಕ್ಕೆ ಮಾಮೂಲಿ ಅಂಟು ಯಾವುದೂ ಹಿಡಿಯದು, ಪಟ್ಟಿಗಳಿಗೂ ಸ್ಕ್ರೂವೇ ಗತಿ.

ಆಟಿಕೆಯ ಮೋಟಾರನ್ನು ರಿಪೇರಿ ಮಾಡಿಸಿ ಹಳಿಯ 12 ವೋಲ್ಟ್ ಕೊಡುವ ಯೋಚನೆಯಿದ್ದರೆ ಬಿಡಿ. ಎರಡು ಸೆಲ್ಲಿನ ಮೋಟಾರಿಗೆ ಬೇಕಾದದ್ದು 3 ವೋಲ್ಟ್, ಸುಟ್ಟುಹೋಗುತ್ತದೆ.

ಪ್ರಶ್ನೆ: ಆಟಿಕೆ ಡಬ್ಬಿಗಳಿಗೆ ಎಚ್‌ಒ ಟ್ರಕ್ ಜೋಡಿಸಿದೆ. ನೇರ ಹಳಿಯಲ್ಲಿ ಸರಿ, ತಿರುವಿನಲ್ಲಿ ಹಳಿ ತಪ್ಪುತ್ತವೆ.
– ಓದುಗರು, ಮಂಡ್ಯ

ಉತ್ತರ: ಮೊದಲು ಡಬ್ಬಿಯನ್ನು ಕೈಯಲ್ಲಿ ಹಿಡಿದು ಟ್ರಕ್ ತಿರುಗಿಸಿ. ಚಕ್ರದ ಅಂಚು ಡಬ್ಬಿಯ ಅಡಿಗೆ ತಾಗಿದರೆ ಅಲ್ಲೇ ಉತ್ತರ ಸಿಕ್ಕಿತು: ಅಡಿಯನ್ನು ಅರದಿಂದ ತಗ್ಗಿಸಿ, ಇಲ್ಲವೇ ಟ್ರಕ್‌ನ ಸ್ಕ್ರೂಗೆ ಒಂದು ವಾಷರ್ ಸೇರಿಸಿ. ತಾಗದಿದ್ದರೆ ತೂಕ ನೋಡಿ. ಖಾಲಿ ಆಟಿಕೆ ಡಬ್ಬಿ ತೀರಾ ಹಗುರ, ತಿರುವಿನಲ್ಲಿ ಮುಂದಿನ ಎಂಜಿನ್ ಅದನ್ನು ಒಳಬದಿಗೆ ಎಳೆದು ಬೀಳಿಸುತ್ತದೆ. ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಎನ್‌ಎಂಆರ್‌ಎ ಸಂಘದ ಲೆಕ್ಕದಲ್ಲಿ ಎಚ್‌ಒ ಡಬ್ಬಿಗೆ ಮೂಲ 28 ಗ್ರಾಂ, ಮೇಲೆ ಇಂಚಿಗೆ 14 ಗ್ರಾಂ. 6 ಇಂಚಿನ ಡಬ್ಬಿಗೆ ಸುಮಾರು 112 ಗ್ರಾಂ ಆಗಬೇಕು. ಟೈರ್ ಅಂಗಡಿಯ ವೀಲ್ ಬ್ಯಾಲೆನ್ಸಿಂಗ್ ತುಂಡುಗಳನ್ನು ನೆಲದ ಮೇಲೆ ಅಂಟಿಸಿ, ಛಾವಣಿಗಲ್ಲ. ಉಕ್ಕಿನದ್ದೇ ಕೇಳಿ, ಮಕ್ಕಳ ಕೈಗೆ ಹೋಗುವ ಸಾಮಾನಿನಲ್ಲಿ ಸೀಸ ಬೇಡ.

ಇಷ್ಟಾದರೂ ತಪ್ಪಿದರೆ ಒಂದೇ ಅಚ್ಚಿನ (ಆಕ್ಸಲ್) ಎರಡು ಚಕ್ರಗಳ ಒಳಮೈ ಅಂತರ ಅಳೆಯಿರಿ. 14.4ರಿಂದ 14.5 ಮಿ.ಮೀ. ಇರಬೇಕು. ಕಡಿಮೆಯಿದ್ದರೆ ಚಕ್ರವನ್ನು ಅಚ್ಚಿನ ಮೇಲೆ ತಿರುಚುತ್ತಾ ಮೆಲ್ಲಗೆ ಹೊರಗೆಳೆಯಿರಿ.